ಕುಡಿದು ಓಡಿಸುವವನಿಗೆ ಜೈಲೋ, ಚಿಕಿತ್ಸೆಯೋ?

ಹರಿಹರದ ಓದುಗರೊಬ್ಬರು ಬರೆದಿದ್ದಾರೆ: “ಜೈಲಿನೊಳಗೇ ಕುಡಿತ ಬಿಡಿಸುವ ಚಿಕಿತ್ಸೆ ಇರಬೇಕು ಅಂತ ಹೋದ ತಿಂಗಳು ಬರೆದಿದ್ದೀರಿ. ಕುಡಿದು ಬೈಕ್ ಓಡಿಸಿದವನಿಂದ ನನ್ನ ತಮ್ಮನ ಕಾಲು ಹೋಯಿತು. ಅವನಿಗೆ ಅದು ಎರಡನೇ ಕೇಸು. ಅಂಥವನಿಗೆ ಉಪಚಾರ ಬೇರೆ ಕೇಡು! ಈಗ ಅವನ ಹೆಂಡತಿ ನಮ್ಮನೆಗೆ ಬಂದು ಅಳುತ್ತಾಳೆ. ಅವಳಿಗೆ ಏನು ಹೇಳಲಿ?”

ಅಕ್ಕಾ, ಅವನನ್ನು ಕ್ಷಮಿಸಿ ಅಂತ ನಾನು ಹೇಳುವುದಿಲ್ಲ. ಹೇಳೋಕೆ ನಾನ್ಯಾರು? ಆದರೆ ಚಿಕಿತ್ಸೆ ಕೊಟ್ಟರೆ ಶಿಕ್ಷೆ ಮನ್ನಾ ಆಗುವುದಿಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಮೂರನೇ ಸಲ ಸಿಕ್ಕಿಬಿದ್ದರೆ 2ರಿಂದ 10 ವರ್ಷ ಜೈಲಾಗಬಹುದು. ಇಂಥವರಿಗೆಂದೇ ಅಲ್ಲಿ 2008ರಲ್ಲಿ ಜೈಲಿನೊಳಗೆ ಆರು ತಿಂಗಳ ಚಿಕಿತ್ಸೆ ಶುರುವಾಯಿತು. ಬೀಗ ಬೀಗವೇ. ಒಳಗೆ ಸುಮ್ನೆ ಕೂರುವ ಬದಲು ಕುಡಿತದ ಮೇಲೆ ಕೆಲಸ ನಡೆಯುತ್ತದೆ.

ನಮ್ಮಲ್ಲಿ ಜೈಲಿನವರೆಗೆ ಹೋಗುವವರೇ ಕಡಿಮೆ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಮದ್ಯ ಇದ್ದರೆ ಮೊದಲ ಸಲ ಆರು ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ ಎರಡು ವರ್ಷದವರೆಗೆ ಜೈಲು, ಅಥವಾ 15,000 ದಂಡ, ಇಲ್ಲವೇ ಎರಡೂ. ಬಹಳ ಜನ ದಂಡ ಕಟ್ಟಿ ಗಾಡಿ ಬಿಡಿಸಿಕೊಂಡು ಹೋಗುತ್ತಾರೆ. ಆ ದುಡ್ಡು ಎಷ್ಟೋ ಸಲ ಹೆಂಡತಿ ಸಂಘದಲ್ಲಿ ತೆಗೆದ ಸಾಲ. ಅವನಿಗೇನು ಬುದ್ಧಿ ಬಂತು?

ಎರಡನೇ ಸಲ ಸಿಕ್ಕವನನ್ನು ಕೋರ್ಟು ಮನೋವೈದ್ಯರ ಮುಂದೆ ಕೂರಿಸಲೇಬೇಕು ಅನ್ನುವುದು ನನ್ನ ವಾದ. ಕೆಲವರಿಗೆ ಬರೀ ಕೊಬ್ಬು. ಅವರ ಲೈಸೆನ್ಸ್ ಕಿತ್ತುಕೊಳ್ಳಿ, ಒಳಗೆ ಹಾಕಿ. ಇನ್ನು ಕೆಲವರಿಗೆ ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುತ್ತದೆ. ಇವರು ಕಾಯಿಲೆಯವರು. ಹೊರಬಂದ ದಿನವೇ ಮತ್ತೆ ಬಾರಿಗೆ ಹೋಗುತ್ತಾರೆ, ಬೈಕಿನಲ್ಲೇ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯದ ಚಟದಿಂದ ಬರುವ ಮಾನಸಿಕ ತೊಂದರೆಯನ್ನೂ ಕಾಯಿಲೆ ಎಂದೇ ಎಣಿಸುತ್ತದೆ. ರಾಜ್ಯಕ್ಕೆ ಕನಿಷ್ಠ ಒಂದು ಜೈಲಿನಲ್ಲಿ ಮಾನಸಿಕ ಚಿಕಿತ್ಸಾ ವಿಭಾಗ ಇರಬೇಕು ಅನ್ನುತ್ತದೆ. ರಾಜ್ಯಕ್ಕೆ ಒಂದಂತೆ! ದಾವಣಗೆರೆ, ಚಿತ್ರದುರ್ಗದವರಿಗೆ ಅದು ಎಲ್ಲಿ ಸಾಕು?

ಅಮೆರಿಕದ್ದೇ ಸೌತ್ ಡಕೋಟಾದಲ್ಲಿ 2005ರಿಂದ ಬೇರೆ ದಾರಿ ಇದೆ. ಜೈಲಿನ ಬದಲು ದಿನಕ್ಕೆರಡು ಸಲ ಬಂದು ಊದಬೇಕು. ಕುಡಿದದ್ದು ಗೊತ್ತಾದರೆ ಆಗಲೇ ಒಂದೆರಡು ದಿನ ಲಾಕಪ್. ಇದನ್ನು ತಂದ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಿದ್ದ ಹಾಗೆ) ಮತ್ತೆ ಸಿಕ್ಕಿಬೀಳುವುದು ಶೇ. 12ರಷ್ಟು ಇಳಿಯಿತು. ಹರಿಹರ ಪೇಟೆಯೊಳಗೆ ಇದು ನಡೆದೀತು. ಜಗಳೂರಿನ ಹಳ್ಳಿಯ ಕೂಲಿಯವನು ದಿನಕ್ಕೆರಡು ಸಲ ಠಾಣೆಗೆ ಬಂದರೆ ಕೂಲಿಗೆ ಯಾವಾಗ ಹೋಗಬೇಕು?

ಇನ್ನು ಆ ಹೆಂಗಸಿನ ವಿಷಯ. ನಿಮಗೆ ಮನಸ್ಸಿದ್ದರೆ ಮಾತ್ರ ಹೇಳಿ, ನಿಮ್ಮ ಮೇಲೆ ಇದರ ಹೊರೆ ಇಲ್ಲ. ‘ಮನೋಚೈತನ್ಯ’ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ, ಅಲ್ಲಿ ವಿಚಾರಿಸಲಿ. ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಲ್ಲೂ ಕೇಳಲಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416, ಚಟ ಬಿಡಿಸುವ ಸಹಾಯವಾಣಿ 14446. ಅವನನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬಾರದು. ದಿನಾ ಕುಡಿಯುವವನಿಗೆ ಒಮ್ಮೆಲೇ ನಿಂತರೆ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೂ ಅಪಾಯ. ಯಾರೋ ಕೊಟ್ಟ ಮಾತ್ರೆ, ಪುಡಿಯನ್ನು ಗೊತ್ತಿಲ್ಲದಂತೆ ಸಾರಿನಲ್ಲಿ ಕಲಸಿ ಕೊಡುವುದಂತೂ ಬೇಡವೇ ಬೇಡ. ಅದರ ಮೇಲೆ ಕುಡಿದರೆ ಬಿಪಿ ಕುಸಿದು ಆಸ್ಪತ್ರೆಗೆ ಓಡಬೇಕಾಗಬಹುದು.

— ಸಂ.