ಐದು ರೊಟ್ಟಿ, ಎರಡು ಮೀನು

ಪ್ರಶ್ನೆ: ಯೇಸು ಐದು ರೊಟ್ಟಿ, ಎರಡು ಮೀನುಗಳಿಂದ ಐದು ಸಾವಿರ ಜನರಿಗೆ ಉಣಬಡಿಸಿದನೆಂಬುದನ್ನು, ಜನರೇ ತಮ್ಮ ಬುತ್ತಿಯನ್ನು ಬಿಚ್ಚಿ ಹಂಚಿಕೊಂಡರೆಂದು ಅರ್ಥೈಸಬಹುದೇ?

ಉತ್ತರ: 19ನೇ ಶತಮಾನದ ಜರ್ಮನ್ ವಿಚಾರವಾದಿ ವಿದ್ವಾಂಸರಲ್ಲಿ ಕೆಲವರು ಹಾಗೆ ಅರ್ಥೈಸಿದ್ದುಂಟು; ಆದರೆ ಬುತ್ತಿಯ ಮಾತು ಮೂಲಗ್ರಂಥದಲ್ಲಿ ಎಲ್ಲಿಯೂ ಇಲ್ಲ. ಯೇಸು ಸತ್ತು ಮತ್ತೆ ಎದ್ದ ಪುನರುತ್ಥಾನವನ್ನು ಬಿಟ್ಟರೆ, ಅವನ ಜೀವನವನ್ನು ಹೇಳುವ ಬೈಬಲ್ಲಿನ ನಾಲ್ಕು ಸುವಾರ್ತೆಗಳಲ್ಲಿಯೂ ಬರುವ ಪವಾಡ ಇದೊಂದೇ. ಸುವಾರ್ತೆ ಬರೆದ ನಾಲ್ವರಲ್ಲಿ ಯೋಹಾನನು ಮಾತ್ರ ಅವು ಜವೆಗೋಧಿಯ ರೊಟ್ಟಿಗಳೆಂದು, ಅಂದರೆ ಬಡವರ ಆಹಾರವೆಂದು ಗುರುತಿಸುತ್ತಾನೆ. ಪ್ರವಾದಿ ಎಲೀಷನು ಇಪ್ಪತ್ತು ಜವೆಗೋಧಿ ರೊಟ್ಟಿಗಳಿಂದ ನೂರು ಮಂದಿಯನ್ನು ತೃಪ್ತಿಪಡಿಸಿ, ಇನ್ನೂ ಉಳಿಸಿದ ಹಳೆಯ ಒಡಂಬಡಿಕೆಯ (ಬೈಬಲ್ಲಿನ ಮೊದಲ ಭಾಗದ) ಪ್ರಸಂಗವನ್ನು ಬಲ್ಲ ಯೆಹೂದ್ಯ ಓದುಗರಿಗೆ, ಇಲ್ಲಿ ಉಳಿದ ಹನ್ನೆರಡು ಪುಟ್ಟಿ ತುಂಡುಗಳು ಅವನಿಗಿಂತ ದೊಡ್ಡವನೊಬ್ಬನನ್ನು ಸೂಚಿಸಿರಬೇಕು. ಹೇಗೆ ನಡೆಯಿತೆಂಬುದಕ್ಕಿಂತ ಮುಂದೇನಾಯಿತೆಂಬುದೇ ನನಗೆ ಮುಖ್ಯವಾಗಿ ತೋರುತ್ತದೆ. ಉಂಡ ಜನ ಯೇಸುವನ್ನು ಬಲವಂತವಾಗಿ ಅರಸನನ್ನಾಗಿ ಮಾಡಲು ಹೊರಟಾಗ ಅವನು ಒಬ್ಬನೇ ಬೆಟ್ಟಕ್ಕೆ ಹೋಗುತ್ತಾನೆ. ಮರುದಿನ, ನೀವು ನನ್ನನ್ನು ಹುಡುಕುವುದು ರೊಟ್ಟಿ ತಿಂದು ತೃಪ್ತರಾದದ್ದಕ್ಕೆ ಎಂದು ನೇರವಾಗಿಯೇ ಹೇಳಿ, ತಾನೇ ಜೀವದ ರೊಟ್ಟಿ ಎನ್ನುತ್ತಾನೆ. ಪವಾಡ ಕಂಡವರೆಲ್ಲ ನಂಬುತ್ತಾರೆಂಬ ನಮ್ಮ ಎಣಿಕೆಯನ್ನು ಯೋಹಾನನು ಒಪ್ಪುವುದಿಲ್ಲ: ಆ ಬೋಧನೆ ಕಠಿಣವೆಂದು ಅನೇಕ ಶಿಷ್ಯರೇ ಹಿಂದಿರುಗಿ ಹೋದರೆಂದು ಅವನು ಬರೆಯುತ್ತಾನೆ.