ಓದುಗರ ಪ್ರಶ್ನೆ: ಕುಸಿದ ಸುರಂಗದಲ್ಲಿ ಗಾಳಿ ಎಷ್ಟು ಹೊತ್ತು?

ಪ್ರಶ್ನೆ: ನಮ್ಮ ಹವ್ಯಾಸಿ ತಂಡ ಏಕವ್ಯಕ್ತಿ ನಾಟಕ ಕಟ್ಟುತ್ತಿದೆ. 1916, ಮೊದಲ ಮಹಾಯುದ್ಧದ ಕಾಲ, ಬೆಲ್ಜಿಯಂನ ಫ್ಲಾಂಡರ್ಸ್. ಜರ್ಮನ್ನರ ಸ್ಫೋಟಕ್ಕೆ ಸುರಂಗ ಕುಸಿದು ಬ್ರಿಟಿಷ್ ಸೈನಿಕನೊಬ್ಬ ಒಳಗೆ ಸಿಕ್ಕಿಕೊಳ್ಳುತ್ತಾನೆ. ಮೂರು ದಿನ ಮೇಣದಬತ್ತಿ ಬೆಳಕಿನಲ್ಲಿ ಅಗೆಯುತ್ತಾನೆ. ನಂಬುವಂತಿದೆಯೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸಿಕ್ಕಿಕೊಳ್ಳುವುದನ್ನು ನಂಬಬಹುದು, ಮೂರು ದಿನವನ್ನಲ್ಲ. ಲೆಕ್ಕ ಹಾಕೋಣ. 4 ಅಡಿ ಎತ್ತರ, ಎರಡೂವರೆ ಅಡಿ ಅಗಲದ ಸುರಂಗದಲ್ಲಿ 20 ಅಡಿ ಉಳಿದಿದೆ ಎನ್ನಿ. ಒಳಗಿರುವ ಗಾಳಿ 200 ಘನ ಅಡಿ, ಅಂದರೆ ಸುಮಾರು 5,660 ಲೀಟರ್. ಸುಮ್ಮನೆ ಮಲಗಿದವನು ಗಂಟೆಗೆ ಸುಮಾರು 15 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಅದು ಶೇ 5 ಮುಟ್ಟಲು 18-19 ಗಂಟೆ ಸಾಕು. ಆಗ ತಲೆ ಸಿಡಿಯುತ್ತದೆ, ಏದುಸಿರು ನಿಲ್ಲುವುದಿಲ್ಲ. ಅಗೆಯುತ್ತಿದ್ದರೆ ಉಸಿರು ನಾಲ್ಕು ಪಟ್ಟು. ಐದು ಗಂಟೆಯೊಳಗೇ ಆ ಸ್ಥಿತಿ. ಉರಿಯುವ ಬತ್ತಿಯೂ ಮಲಗಿದವನಷ್ಟೇ ಆಮ್ಲಜನಕ ತಿನ್ನುತ್ತದೆ. ಆಮ್ಲಜನಕ ಶೇ 16ರ ಆಸುಪಾಸಿಗೆ ಇಳಿದರೆ ಬತ್ತಿ ನಂದುತ್ತದೆ, ಮನುಷ್ಯನಿಗೆ ಇನ್ನೂ ಎಚ್ಚರವಿರುತ್ತದೆ. ಹಾಗಾಗಿ ಬೆಳಕನ್ನು ಬೇಗ ತೆಗೆಯಿರಿ. ನಟನ ದನಿಯೊಂದೇ ಕೇಳುವ ಆ ಕತ್ತಲು ರಂಗಕ್ಕೆ ದೊಡ್ಡ ಬಲ.

ಮೂರು ದಿನ ಬೇಕೇ ಬೇಕೆಂದರೆ ದಾರಿಯಿದೆ. ಇಂಥ ಸುರಂಗಗಳಿಗೆ ಮೇಲಿನಿಂದ ತಿದಿ ಒತ್ತಿ ಕೊಳವೆಯಲ್ಲಿ ಗಾಳಿ ಕಳಿಸುತ್ತಿದ್ದರು. ಆ ಕೊಳವೆ ಅರ್ಧ ನಜ್ಜುಗುಜ್ಜಾಗಿ ಉಳಿದಿರಲಿ.

ಸ್ಫೋಟದ ನಂತರದ ನಿಜವಾದ ಕೊಲೆಗಾರ ಕಾರ್ಬನ್ ಮಾನಾಕ್ಸೈಡ್. ವಾಸನೆಯಿಲ್ಲ, ಬಣ್ಣವಿಲ್ಲ, ಪ್ರಾಣಕ್ಕೆ ಕುತ್ತಾಗುವ ಪ್ರಮಾಣದಲ್ಲಿದ್ದರೂ ಬತ್ತಿ ಎಂದಿನಂತೆ ಉರಿಯುತ್ತದೆ. ಅದಕ್ಕೇ ಪಂಜರದಲ್ಲಿ ಕ್ಯಾನರಿ ಹಕ್ಕಿ ಒಯ್ಯುತ್ತಿದ್ದರು. ಮನುಷ್ಯನಿಗಿಂತ ಮೊದಲು ಅದು ಕೋಲಿನಿಂದ ಕೆಳಗೆ ಬೀಳುತ್ತಿತ್ತು. ನಿಮ್ಮ ಸೈನಿಕನಿಗೆ ಮೊದಲು ತಲೆನೋವು, ಆಮೇಲೆ ಕಾಲಿನ ಬಲ ಹೋಗಲಿ. ತೆವಳಲೂ ಆಗದೆ ಸತ್ತವರು ಹಲವರು.

ಪ್ರಶ್ನೆ: ಅಗೆಯುವ ಭಂಗಿ ಹೇಗೆ? ಒಬ್ಬಂಟಿ ಎನ್ನುವುದು ಸರಿಯೇ?

ಉತ್ತರ: ಗುದ್ದಲಿ ಬೀಸುವಂತಿಲ್ಲ, ಸದ್ದು ಶತ್ರುವಿಗೆ ಕೇಳುತ್ತದೆ. ಫ್ಲಾಂಡರ್ಸ್‌ನ ಜೇಡಿಮಣ್ಣಿನಲ್ಲಿ ಓರೆಯಾಗಿ ನಿಲ್ಲಿಸಿದ ಮರದ ಶಿಲುಬೆಗೆ ಬೆನ್ನು ಕೊಟ್ಟು, ಎರಡೂ ಕಾಲಿನಿಂದ ಸಲಿಕೆಯನ್ನು ಒತ್ತುತ್ತಿದ್ದರು. ಇನ್ನೊಬ್ಬ ಮಣ್ಣನ್ನು ಚೀಲಕ್ಕೆ ತುಂಬುತ್ತಿದ್ದ, ಮತ್ತೊಬ್ಬ ಪುಟ್ಟ ಗಾಡಿಯಲ್ಲಿ ಸಾಗಿಸುತ್ತಿದ್ದ. ಒಬ್ಬಂಟಿಯಾಗಿ ಯಾರೂ ಇಳಿಯುತ್ತಿರಲಿಲ್ಲ. 1916ರ ಜೂನ್‌ನಲ್ಲಿ ಫ್ರಾನ್ಸ್‌ನ ಜಿವಾಂಶಿ ಬಳಿ ಐವರು ಹೀಗೆ ಸಿಕ್ಕಿಕೊಂಡರು. ಸುಮಾರು 20 ಗಂಟೆಯ ಬಳಿಕ ಕಂಡಿ ತೆರೆದಾಗ ಅವರಲ್ಲೊಬ್ಬರಾದ ವಿಲಿಯಂ ಹ್ಯಾಕೆಟ್ ಮೂವರನ್ನು ಹೊರಗೆ ದಾಟಿಸಿದರು, ಗಾಯಗೊಂಡ ನಾಲ್ಕನೆಯವನನ್ನು ಬಿಟ್ಟುಬರಲು ಒಪ್ಪಲಿಲ್ಲ. ಸುರಂಗ ಮತ್ತೆ ಕುಸಿಯಿತು. ನಾಲ್ಕು ದಿನ ಅಗೆದರೂ ಇಬ್ಬರೂ ಸಿಗಲಿಲ್ಲ. ಏಕವ್ಯಕ್ತಿ ನಾಟಕವೇ ಆದರೂ ಕುಸಿದ ಮಣ್ಣಿನಾಚೆ ಜೊತೆಗಾರನೊಬ್ಬನ ಕೆಮ್ಮು ಕೇಳಿಸಿ.