ಸಿಂಗಪುರದ ಹತ್ತು ಧರ್ಮಗಳ ಸಾಲು ತೋರಿಕೆಯೇ ಎಂದು ಕೇಳಿದವರಿಗೆ

ನಮಸ್ಕಾರ. ರಾಯಚೂರು ಜಿಲ್ಲೆಯಿಂದ ಬಂದು ಸಿಂಗಪುರದ ಈಶೂನ್ ಬಡಾವಣೆಯಲ್ಲಿ, ಎಚ್‌ಡಿಬಿ ಎಂಬ ಸರ್ಕಾರಿ ವಸತಿ ಮಂಡಳಿಯ ಬಹುಮಹಡಿ ಮನೆಯಲ್ಲಿ ಸಂಸಾರ ಹೂಡಿರುವ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಒಂದೇ ಮಹಡಿಯಲ್ಲಿ ಮಲಯ್ ಮುಸ್ಲಿಮರೂ ಚೀನೀ ಬೌದ್ಧರೂ ಕ್ರೈಸ್ತರೂ ಇರುವಾಗ ಪೂಜೆ ಪುನಸ್ಕಾರದ ವಿಷಯದಲ್ಲಿ ತಕರಾರು ಬಂದರೆ ಯಾರ ಬಳಿ ಹೋಗಬೇಕು ಎಂಬುದು ಒಂದು. ಸಮಾರಂಭಗಳಲ್ಲಿ ಹತ್ತು ಧರ್ಮಗಳ ಪ್ರತಿನಿಧಿಗಳು ಸಾಲಾಗಿ ನಿಂತು ಸರದಿಯ ಮೇಲೆ ಪ್ರಾರ್ಥಿಸುವುದು ನಿಜವಾದ ಸಹಕಾರವೋ ಬರಿಯ ತೋರಿಕೆಯೋ ಎಂಬುದು ಇನ್ನೊಂದು. ಎರಡನೆಯದಕ್ಕೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ತಿಳಿದರೆ ಮೊದಲನೆಯದರ ಉತ್ತರ ತಾನಾಗಿ ಸಿಗುತ್ತದೆ.

ಆ ಸಾಲಿನ ಹಿಂದಿರುವುದು ಅಂತರ್ಧರ್ಮೀಯ ಸಂಸ್ಥೆ. ಇಲ್ಲಿ ಎಲ್ಲರೂ ಅದನ್ನು ಐಆರ್‌ಒ ಎನ್ನುತ್ತಾರೆ. 1949ರಲ್ಲಿ, ಇಲ್ಲಿಗೆ ಭೇಟಿ ಕೊಟ್ಟ ಮೌಲಾನಾ ಅಬ್ದುಲ್ ಅಲೀಂ ಸಿದ್ದಿಕಿ ಅವರ ಪ್ರೇರಣೆಯಿಂದ ಬೇರೆ ಬೇರೆ ಮತಗಳ ಮುಖಂಡರು ಸೇರಿ ಅದನ್ನು ಕಟ್ಟಿದರು. ಇಂದು ಹಿಂದೂ, ಇಸ್ಲಾಂ, ಬೌದ್ಧ, ತಾವೋ, ಕ್ರೈಸ್ತ, ಸಿಖ್, ಜೈನ, ಪಾರಸಿ, ಯಹೂದಿ, ಬಹಾಯಿ ಎಂಬ ಹತ್ತು ಧರ್ಮಗಳು ಅದರಲ್ಲಿವೆ. ಆದರೆ ಸಂಸ್ಥೆ ಹುಟ್ಟಿದ ಮಾತ್ರಕ್ಕೆ ಶಾಂತಿ ನೆಲೆಸಲಿಲ್ಲ ಎಂಬುದನ್ನು ನೀವು ಮೊದಲು ತಿಳಿಯಬೇಕು. ಮರುವರ್ಷವೇ, 1950ರ ಡಿಸೆಂಬರಿನಲ್ಲಿ, ಮರಿಯಾ ಹರ್ಟೋಗ್ ಎಂಬ ಬಾಲಕಿಯ ಪ್ರಕರಣದಿಂದ ಗಲಭೆ ಎದ್ದಿತು. ಕ್ಯಾಥೊಲಿಕ್ ಡಚ್ ಕುಟುಂಬದಲ್ಲಿ ಹುಟ್ಟಿ ಮುಸ್ಲಿಂ ಸಾಕುತಾಯಿಯ ಮಡಿಲಲ್ಲಿ ಬೆಳೆದ ಆ ಮಗುವನ್ನು ನ್ಯಾಯಾಲಯವು ಹೆತ್ತವರಿಗೆ ಒಪ್ಪಿಸಿತು. ಕಾನ್ವೆಂಟಿನಲ್ಲಿದ್ದ ಆಕೆಯ ಚಿತ್ರಗಳನ್ನು ಪತ್ರಿಕೆಗಳು ಅಚ್ಚು ಹಾಕಿದವು. ಕೆರಳಿದ ಊರಿನಲ್ಲಿ 18 ಜನ ಸತ್ತರು, 173 ಜನ ಗಾಯಗೊಂಡರು. 1964ರಲ್ಲಿ ಪ್ರವಾದಿಯವರ ಜನ್ಮದಿನದ ಮೆರವಣಿಗೆಯ ದಿನ ಮಲಯ್ ಮತ್ತು ಚೀನೀಯರ ನಡುವೆ ಮತ್ತೆ ಹಿಂಸೆಯಾಯಿತು. ಇಂದಿನ ಎಚ್ಚರವೆಲ್ಲ ಆ ನೆನಪಿನಿಂದ ಬಂದದ್ದು.

ನಿಮ್ಮ ಸೀಮೆಯಲ್ಲಿ, ಮುದಗಲ್ಲಿನ ಮೊಹರಂ ಕಂಡವರಿಗೆ ಹೇಳಬೇಕಾಗಿಲ್ಲ, ಒಂದೇ ಅಲಾಯಿ ಕುಣಿಯ (ಮೊಹರಂ ಬೆಂಕಿಯ ಗುಂಡಿಯ) ಸುತ್ತ ಹಿಂದೂಗಳೂ ಮುಸ್ಲಿಮರೂ ಹೆಜ್ಜೆ ಹಾಕುವುದು ತಲೆಮಾರುಗಳಿಂದ ಬಂದ ರೂಢಿ. ಇಲ್ಲಿ ಅಂಥ ಹಳೆಯ ಬಳಕೆಯೂ ಉಂಟು: ಸೌತ್ ಬ್ರಿಡ್ಜ್ ರಸ್ತೆಯಲ್ಲಿ ಮಾರಿಯಮ್ಮನ ಗುಡಿಯೂ ಚೂಲಿಯಾ ಎಂಬ ತಮಿಳು ಮುಸ್ಲಿಮರ ಜಾಮೆ ಮಸೀದಿಯೂ ಸುಮಾರು ಇನ್ನೂರು ವರ್ಷಗಳಿಂದ ಹತ್ತಿರ ಹತ್ತಿರ ನಿಂತಿವೆ, ವಾಟರ್ಲೂ ಬೀದಿಯಲ್ಲಿ ಕ್ವಾನ್ ಇಮ್ ದೇವಿಗೆ ಕೈಮುಗಿದ ಚೀನೀ ಭಕ್ತರು ಪಕ್ಕದ ಕೃಷ್ಣನ ಗುಡಿಗೂ ಊದುಬತ್ತಿ ಹಚ್ಚಿ ಹೋಗುತ್ತಾರೆ. ಆದರೆ ಅದನ್ನೇ ನಂಬಿ ಕೂತಿದ್ದರೆ ಇಷ್ಟು ಕಿರಿದಾದ ಜಾಗದಲ್ಲಿ ಇಷ್ಟು ಜನ ಬಾಳುವುದು ಕಷ್ಟವಾಗುತ್ತಿತ್ತು. 1989ರಿಂದ ಪ್ರತಿ ಎಚ್‌ಡಿಬಿ ಬ್ಲಾಕಿನಲ್ಲಿ ಯಾವ ಜನಾಂಗದವರು ಎಷ್ಟು ಪ್ರಮಾಣದಲ್ಲಿರಬಹುದು ಎಂದು ಸರ್ಕಾರವೇ ಗೊತ್ತುಮಾಡಿದೆ. ಹಾಗಾಗಿ ನಿಮ್ಮ ಮಹಡಿಯ ವೈವಿಧ್ಯವೂ ಬೇಕೆಂದೇ ಮಾಡಿದ್ದು.

ಧರ್ಮಗುರುಗಳ ಕೆಲಸದ ಬೆಲೆ ನನಗೆ ತಿಳಿದದ್ದು ವೇದಿಕೆಯಲ್ಲಲ್ಲ, ದಿನದ ಬದುಕಿನ ಸಣ್ಣ ತೊಡಕುಗಳಲ್ಲಿ. 1970ರ ದಶಕದಲ್ಲಿ ಶಬ್ದದ ಪ್ರಶ್ನೆ ಬಂದಾಗ ಮಸೀದಿಗಳ ಧ್ವನಿವರ್ಧಕಗಳನ್ನು ಒಳಮುಖವಾಗಿ ತಿರುಗಿಸಲಾಯಿತು. ಮನೆಯಲ್ಲಿರುವವರಿಗೆ ಆಜಾನ್ ರೇಡಿಯೊದಲ್ಲಿ ಕೇಳುತ್ತದೆ. ತಮಿಳು ಹಿಂದೂಗಳ ಮುರುಗನ ಹಬ್ಬವಾದ ತೈಪೂಸಂ ಕಾವಡಿಯ ಮೆರವಣಿಗೆಯಲ್ಲಿ ವಾದ್ಯಗಳಿಗೆ ದಶಕಗಳ ಕಾಲ ನಿರ್ಬಂಧವಿತ್ತು, ಇತ್ತೀಚಿನ ವರ್ಷಗಳಲ್ಲಷ್ಟೇ ಅದು ಸಡಿಲವಾಗಿದೆ. ಚೀನೀಯರು ತಮ್ಮ ಪಂಚಾಂಗದ ಏಳನೆಯ ತಿಂಗಳಲ್ಲಿ ಪಿತೃಗಳಿಗೆ ಕಾಗದ ಸುಡಲು ಬ್ಲಾಕಿನ ಬಳಿ ಪ್ರತ್ಯೇಕ ಡಬ್ಬಗಳನ್ನು ಇಟ್ಟಿರುತ್ತಾರೆ. ನಿಯಮ ಸರ್ಕಾರದ್ದೇ ಇರಲಿ, ‘ನಮ್ಮ ಮೇಲೆ ಮಾತ್ರ ಹೇರಿದ್ದಾರೆ’ ಎಂಬ ಮಾತು ಬೆಳೆಯದಂತೆ ತಮ್ಮ ತಮ್ಮ ಜನರನ್ನು ಒಪ್ಪಿಸಬೇಕಾದವರು ಗುರುಗಳೇ. ಕೋವಿಡ್ ಹರಡಿದ 2020ರ ಫೆಬ್ರವರಿಯಲ್ಲಿ ಕ್ಯಾಥೊಲಿಕ್ ಚರ್ಚುಗಳು ಸಾಮೂಹಿಕ ಪೂಜೆಯನ್ನು ನಿಲ್ಲಿಸಿದವು, ಮಾರ್ಚಿನಲ್ಲಿ ಮಸೀದಿಗಳು ಶುಕ್ರವಾರದ ನಮಾಜನ್ನೂ ಬಿಟ್ಟು ಬಾಗಿಲು ಹಾಕಿದವು. ಭಕ್ತರ ಮನಸ್ಸಿಗೆ ಎಷ್ಟು ನೋವಾದರೂ ಅದು ಜಗಳವಾಗಲಿಲ್ಲ, ಏಕೆಂದರೆ ಹೇಳಿದವರು ಅವರು ನಂಬಿದವರು. ನಿಮ್ಮ ಈಶೂನಿನಲ್ಲೇ ನಾರಾಯಣ ಗುರುಗಳ ಹೆಸರಿನ ಮಿಷನ್ ನಡೆಸುವ ವೃದ್ಧರ ಶುಶ್ರೂಷಾಲಯವಿದೆ, ಅಲ್ಲಿ ಜಾತಿ ಮತ ಕೇಳುವುದಿಲ್ಲ. ಸಿಲಾಟ್ ರಸ್ತೆಯ ಗುರುದ್ವಾರದ ಲಂಗರಿನಲ್ಲಿ ದೂರದಿಂದ ಬಂದ ಕೂಲಿಕಾರರು ಉಣ್ಣುತ್ತಾರೆ. ಇವನ್ನೆಲ್ಲ ನೋಡಿದ ಮೇಲೆ ಆ ಸಾಲನ್ನು ತೋರಿಕೆ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಇದೆಲ್ಲದರ ಹಿಂದೆ ಕಾನೂನಿನ ಬಿಗಿ ಇದೆ ಎಂಬುದನ್ನೂ ಮುಚ್ಚಿಡಬಾರದು. 1990ರ ಧಾರ್ಮಿಕ ಸೌಹಾರ್ದ ಕಾಯ್ದೆಯಂತೆ, ಮತಗಳ ನಡುವೆ ದ್ವೇಷ ಹುಟ್ಟಿಸುವ ಪ್ರವಚನಕಾರನನ್ನು ಸರ್ಕಾರ ತಡೆಯಬಹುದು. 2017ರಲ್ಲಿ ಭಾರತದಿಂದ ಬಂದಿದ್ದ ಒಬ್ಬ ಇಮಾಮರು ಪ್ರಾರ್ಥನೆಯಲ್ಲಿ ಕ್ರೈಸ್ತರಿಗೂ ಯಹೂದಿಗಳಿಗೂ ನೋವಾಗುವ ಮಾತು ಹೇಳಿದ್ದಕ್ಕೆ ನ್ಯಾಯಾಲಯವು 4,000 ಸಿಂಗಪುರ ಡಾಲರ್ ದಂಡ ಹಾಕಿತು, ಅವರನ್ನು ಊರಿಗೆ ಕಳುಹಿಸಲಾಯಿತು. ಆದರೆ ಅದಕ್ಕೂ ಮುನ್ನ ಅವರು ಇತರ ಧರ್ಮಗಳ ಮುಖಂಡರ ಎದುರು ಕ್ಷಮೆ ಕೇಳಿದ್ದರು, ಆ ಮುಖಂಡರು ಅದನ್ನು ಗೌರವದಿಂದಲೇ ಸ್ವೀಕರಿಸಿದ್ದರು. ಬೀದಿಯಲ್ಲಿ ಏನೂ ಆಗಲಿಲ್ಲ. ಇಷ್ಟು ಬಿಗಿಯಿಂದ ಕೆಲವು ಕಷ್ಟದ ಮಾತುಗಳು ಮುಚ್ಚಿದ ಕೋಣೆಯಲ್ಲೇ ಉಳಿಯುತ್ತವೆ ಎಂದು ಕೊರಗುವವರಿದ್ದಾರೆ. ಆ ಕೊರಗಿನಲ್ಲಿ ಸತ್ಯವಿದೆ ಎಂದೇ ನಾನೂ ಎಣಿಸುತ್ತೇನೆ, ಆದರೂ 1950ರ ಲೆಕ್ಕ ನೆನೆದಾಗ ಈ ದಾರಿಯನ್ನೇ ಒಪ್ಪುತ್ತೇನೆ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಮನೆಯಲ್ಲಿ ಪೂಜೆ, ಹೋಮ, ಭಜನೆ ಇಟ್ಟುಕೊಳ್ಳುವ ಮುನ್ನ ಅಕ್ಕಪಕ್ಕದ ಮನೆಗಳಿಗೆ ಹೋಗಿ ಹೊತ್ತು ತಿಳಿಸಿ, ಹೊಗೆಯ ಬಗ್ಗೆಯೂ ಒಂದು ಮಾತು ಹೇಳಿ. ಅವರ ಕಡೆಯಿಂದ ತೊಂದರೆಯಾದರೂ ಮೊದಲು ಅವರಲ್ಲೇ ಹೇಳಿ. ಬಗೆಹರಿಯದಿದ್ದರೆ ನಿಮ್ಮ ಭಾಗದ ನಿವಾಸಿಗಳ ಸಂಘಟನೆಯವರನ್ನು ಕಾಣಿ. 2002ರಲ್ಲಿ ಆರಂಭವಾಗಿ ಬಹುಕಾಲ ಐಆರ್‌ಸಿಸಿ (ಜನಾಂಗ ಮತ್ತು ಧರ್ಮಗಳ ನಡುವಿನ ವಿಶ್ವಾಸ ಮಂಡಳಿ) ಎಂದು ಕರೆಸಿಕೊಂಡ ಸೌಹಾರ್ದ ಮಂಡಳಿಗಳು ಎಲ್ಲ ಚುನಾವಣಾ ಕ್ಷೇತ್ರಗಳಲ್ಲೂ ಇವೆ. ಅವುಗಳಲ್ಲಿ ಆಯಾ ಭಾಗದ ಗುಡಿ, ಮಸೀದಿ, ಚರ್ಚುಗಳ ಹಿರಿಯರು ಒಬ್ಬರನ್ನೊಬ್ಬರು ಹೆಸರು ಹಿಡಿದು ಬಲ್ಲರು. ಆ ಪರಿಚಯ ಜಗಳಕ್ಕೆ ಮುಂಚೆಯೇ ಆಗಿರುವುದರಿಂದಲೇ ಒಂದು ಫೋನಿನಲ್ಲಿ ಎಷ್ಟೋ ಮಾತು ಮುಗಿಯುತ್ತದೆ. ಊರಿನಿಂದ ವಾಟ್ಸಾಪಿಗೆ ಬರುವ ಮತೀಯ ವಿಡಿಯೊಗಳನ್ನು ಇಲ್ಲಿಯ ಗುಂಪುಗಳಿಗೆ ದಯವಿಟ್ಟು ದಾಟಿಸಬೇಡಿ. ಇಲ್ಲಿ ಹರಿರಾಯ ಎನ್ನುವ ಈದ್ ಹಬ್ಬಕ್ಕೆ ಎದುರು ಮನೆಯವರು ಕರೆದರೆ ತಪ್ಪದೆ ಹೋಗಿ. ನೀವು ಸಸ್ಯಾಹಾರಿಗಳೆಂದು ಮೊದಲೇ ಹೇಳಿದರೆ ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಜುಲೈ 21ರ ಜನಾಂಗ ಸೌಹಾರ್ದ ದಿನದ ಸುಮಾರಿಗೆ ಮಗಳ ಶಾಲೆಯಿಂದ ಸಾಂಪ್ರದಾಯಿಕ ಉಡುಗೆಯಲ್ಲಿ ಕಳುಹಿಸಿ ಎಂದು ಚೀಟಿ ಬರುತ್ತದೆ. ಇಳಕಲ್ಲಿನ ಲಂಗ ಹೊಲಿಸಿ ಕಳುಹಿಸಿ, 1964ರ ಗಲಭೆ ಶುರುವಾದ ದಿನವೂ ಅದೇ ಎಂದು ಅವಳಿಗೆ ತಿಳಿಸಿ ಹೇಳಿ.